ನೀರು ಕೇಳಿದ ಬಾಲಕಿ

ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಇರಲೇಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ವಾಡಿಕೆಯಂತೆ ಪರೀಕ್ಷೆಯ ಫಲಿತಾಂಶಗಳನ್ನೂ, ಹೊಸ ಕೊಠಡಿಗಳ ಸಂಗತಿಯನ್ನೂ, ಆಟಪಾಟಗಳಲ್ಲಿ ನಮ್ಮ ಬಾಲಿಕೆಯರು ಗಳಿಸಿದ ಬಹುಮಾನಗಳನ್ನೂ ಬರೆದು ಮುಗಿಸಬಹುದಾಗಿತ್ತು. ಅವೆಲ್ಲವೂ ಶಾಲೆಯ ವಾರ್ಷಿಕ ವರದಿಯಲ್ಲಿ ಸವಿಸ್ತಾರವಾಗಿ ಬಂದಿರುವುವು. ನಾನು ಇಲ್ಲಿ ಬರೆಯಹೊರಟಿರುವುದು ನನ್ನ ಕಣ್ಣೆದುರಿಗೆ, ನಾನೇ ಮಾಡಿದ ನಿಯಮದ ದೆಸೆಯಿಂದ ನಡೆದುಹೋದ ಒಂದು ಸಂಗತಿಯನ್ನು. ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಸೈರಣೆಯಿಂದ ಓದಬೇಕೆಂದು ಬೇಡುತ್ತೇನೆ. ಆ ಬಾಲಕಿಯ ತಾಯಿತಂದೆಗಳು ಇದನ್ನು ಬರೆಯಲು ಒಪ್ಪಿಗೆ ಕೊಟ್ಟಿರುವರು. ಹೆಸರನ್ನೂ ಊರನ್ನೂ ಹೇಳಕೂಡದೆಂದು ಮಾತ್ರ ಕೇಳಿಕೊಂಡಿರುವರು. ಆದುದರಿಂದ ಅಕ್ಕನನ್ನು ಹಿರಿಯವಳೆಂದೂ, ತಂಗಿಯನ್ನು ಕಿರಿಯವಳೆಂದೂ ಕರೆಯುವೆನು.

ಹಿರಿಯವಳು ಹಿರಿಯೂರು ತಾಲ್ಲೂಕಿನವಳು. ವಾಣೀವಿಲಾಸ ಸಾಗರದ ನಾಲೆಯ ನೀರು ಒಂದು ವರ್ಷ ಬಂದು ಮೂರು ವರ್ಷ ಬಾರದ ಕಡೆಯಲ್ಲಿ ಅವಳ ತಂದೆಗೆ ಸ್ವಲ್ಪ ಜಮೀನು ಉಂಟು. ಶೇಂಗಾ ಬೆಳೆಯುವರು, ಕುರಿ ಸಾಕಿರುವರು. 2018ನೆಯ ಇಸವಿ ಜೂನ್ ತಿಂಗಳಲ್ಲಿ ಅವಳು ಎಂಟನೆಯ ತರಗತಿಗೆ ಸೇರಿ ನಮ್ಮ ವಿದ್ಯಾರ್ಥಿನಿ ನಿಲಯದಲ್ಲಿ ಉಳಿದುಕೊಂಡಳು. ಹದಿಮೂರು ವರ್ಷದ, ಚುರುಕಾದ, ಲೆಕ್ಕದಲ್ಲಿ ಒಳ್ಳೆಯ ಹುಡುಗಿ.

ಆ ವರ್ಷವೇ ನಾನು ಒಂದು ನಿಯಮವನ್ನು ಮಾಡಿದ್ದೆನು. ಪಾಠದ ವೇಳೆಯಲ್ಲಿ ಮಕ್ಕಳು ನೀರಿಗೆಂದೂ ಬಚ್ಚಲಿಗೆಂದೂ ಎದ್ದು ಹೋಗಿ ವರಾಂಡದಲ್ಲಿ ಹರಟುತ್ತಿದ್ದುದರಿಂದ, ದಿನಕ್ಕೆ ಒಂದು ಸಾರಿ ಮಾತ್ರ, ಅದೂ ಉಪಾಧ್ಯಾಯಿನಿಯ ಚೀಟಿ ಪಡೆದು ಹೊರಗೆ ಹೋಗತಕ್ಕದ್ದೆಂದು ಆಜ್ಞೆ ಮಾಡಿದೆನು. ನಿಯಮವು ಚೆನ್ನಾಗಿಯೇ ನಡೆಯಿತು. ವರಾಂಡವು ನಿಶ್ಶಬ್ದವಾಯಿತು. ನನಗೆ ಅದು ಹೆಮ್ಮೆಯ ವಿಷಯವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಆಗಸ್ಟ್ ತಿಂಗಳ ಮೊದಲ ವಾರದಿಂದ ಹಿರಿಯವಳು ಗಂಟೆಗೊಮ್ಮೆ ಎದ್ದು ನಿಂತು ಹೊರಗೆ ಹೋಗಲು ಕೇಳತೊಡಗಿದಳು. ನೀರಿನ ಸೀಸೆಯನ್ನು ಮೇಜಿನ ಕೆಳಗೆ ಮರೆಯಾಗಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ತರಗತಿಯ ಉಪಾಧ್ಯಾಯಿನಿಯು ಅವಳನ್ನು ನನ್ನ ಬಳಿಗೆ ಕಳುಹಿಸಿದರು. ನಾನು ಅವಳನ್ನು ಗದರಿಸಿ, ಒಂದು ಅವಧಿ ನನ್ನ ಕೊಠಡಿಯ ಹೊರಗೆ ನಿಲ್ಲಿಸಿದೆನು. ಅವಳು ಅಳಲಿಲ್ಲ. “ಮಿಸ್, ನೀರು ಕುಡಿದು ಬರ್ಲಾ?” ಎಂದು ಮಾತ್ರ ಕೇಳಿದಳು. ಗಂಟೆ ಹೊಡೆಯುವವರೆಗೆ ಬೇಡವೆಂದೆನು.

ಇದೇ ಸಮಯದಲ್ಲಿ ನಿಲಯದಲ್ಲಿ ಬೇರೆ ಲಕ್ಷಣಗಳೂ ಕಾಣಿಸಿಕೊಂಡಿದ್ದುವು. ಅವಳು ನಸುಕಿನಲ್ಲಿ ಯಾರೂ ಏಳುವುದಕ್ಕೆ ಮೊದಲು ಎದ್ದು ತನ್ನ ಹಾಸಿಗೆಯ ದುಪ್ಪಟಿಯನ್ನು ಒಗೆದು ಒಣಗಹಾಕುತ್ತಿದ್ದಳು. ಹದಿಮೂರು ವರ್ಷದ ಹುಡುಗಿ ರಾತ್ರಿ ಹಾಸಿಗೆ ಒದ್ದೆಮಾಡಿಕೊಂಡರೆ ಯಾರಿಗೆ ಹೇಳಿಯಾಳು? ಊಟವನ್ನು ಎರಡು ಸಾರಿ ಬಡಿಸಿಕೊಂಡು ತಿಂದರೂ ಲಂಗದ ಲಾಡಿಯನ್ನು ದಿನದಿನವೂ ಬಿಗಿಯಬೇಕಾಗುತ್ತಿತ್ತು. ಮನೆಯ ಚಿಂತೆಯೆಂದು ಕೆಲವರು, ರಕ್ತಹೀನತೆಯೆಂದು ಕೆಲವರು, ಹೊಟ್ಟೆಯಲ್ಲಿ ಹುಳುವೆಂದು ಕೆಲವರು ಹೇಳಿದರು. ನಿಲಯದ ಆಯಾ ಒಬ್ಬಳು ಮಾತ್ರ ಸರಿಯಾದುದನ್ನು ಕಂಡಿದ್ದಳು. ಆ ಹುಡುಗಿ ಹೋಗಿಬಂದ ಬಚ್ಚಲಲ್ಲಿ ಇರುವೆ ಮುತ್ತುತ್ತವೆಯೆಂದು ಅವಳು ವಾರ್ಡನ್ ಅಮ್ಮನವರಿಗೆ ಎರಡು ಸಾರಿ ಹೇಳಿದ್ದಳಂತೆ. ಫಿನಾಯಿಲ್ ಹಾಕಿ ತೊಳೆಯೆಂದು ಅವಳಿಗೆ ಉತ್ತರ ಬಂದಿತ್ತು. ನಮ್ಮ ಪೂರ್ವಿಕರು ಮಧುಮೇಹವೆಂದು ಹೆಸರಿಟ್ಟುದು ಮೂತ್ರದ ಈ ಸಿಹಿಯನ್ನು ನೋಡಿಯೇ. ಓದಿದ ನಾವು ಅದನ್ನು ಓದಲಾರದೆ ಹೋದೆವು. ಅಕ್ಷರ ಬಾರದವಳು ಓದಿದ್ದಳು.

ಆಗಸ್ಟ್ 28ರಂದು ಅವಳಿಗೆ ವಾಂತಿಯೂ ಹೊಟ್ಟೆನೋವೂ ಆರಂಭವಾದುವು. ಹತ್ತಿರದ ಚಿಕಿತ್ಸಾಲಯವೊಂದಕ್ಕೆ ಕರೆದುಕೊಂಡು ಹೋದೆವು. ವಾಂತಿಯಿಂದ ನಿತ್ರಾಣಳಾಗಿರುವಳೆಂದು ಅಲ್ಲಿ ಗ್ಲುಕೋಸ್ ಬಾಟಲಿ ಏರಿಸಿದರು. ಸಕ್ಕರೆಯಿಂದಲೇ ಸಾಯುತ್ತಿದ್ದವಳ ರಕ್ತಕ್ಕೆ ಇನ್ನಷ್ಟು ಸಕ್ಕರೆ! ಸಂಜೆಯ ಹೊತ್ತಿಗೆ ಅವಳು ಬಾವಿಯಿಂದ ನೀರೆಳೆದವರಂತೆ ಏದುಸಿರು ಬಿಡುತ್ತ ಮಾತನಾಡದಾದಳು. ಆಗ ಬೇರೆ ಆಸ್ಪತ್ರೆಗೆ ಒಯ್ದೆವು. ಅಲ್ಲಿ ರಾತ್ರಿಯ ಸರದಿಯಲ್ಲಿದ್ದ ಎಳೆಯ ವಯಸ್ಸಿನ ವೈದ್ಯೆಯೊಬ್ಬಳು ಅವಳ ಮುಖದ ಬಳಿ ಬಾಗಿ ಉಸಿರನ್ನು ಮೂಸಿದಳು. ಹಣ್ಣು ಹುಳಿತಂತಹ ವಾಸನೆ ಬರುತ್ತಿತ್ತು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗ್ಲುಕೋಮೀಟರಿಗೆ ಇಟ್ಟಳು. ಯಂತ್ರವು ಅಂಕಿಯನ್ನೇ ತೋರಿಸಲಿಲ್ಲ. ತನ್ನ ಅಳತೆಗೆ ಮೀರಿದೆಯೆಂಬ ಗುರುತನ್ನು ಮಾತ್ರ ತೋರಿಸಿತು. ಒಂದು ಹನಿ ರಕ್ತ, ಐದೋ ಹತ್ತೋ ಕ್ಷಣ. ಮೂರು ವಾರಗಳಲ್ಲಿ ನಾವು ಯಾರೂ ಮಾಡದಿದ್ದುದು ಅಷ್ಟೇ.

ಆ ರಾತ್ರಿ ದಾವಣಗೆರೆಯವರೆಗಿನ ಸುಮಾರು 60 ಕಿಲೋಮೀಟರ್ ದಾರಿಯನ್ನು ನಾನು ಆಂಬುಲೆನ್ಸಿನಲ್ಲಿ ಅವಳ ಕಾಲಬಳಿ ಕುಳಿತು ಕ್ರಮಿಸಿದೆನು. ನಾನು ಏನೇನು ಪ್ರಾರ್ಥಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ದಿನಗಳ ಮೇಲೆ ಹುಡುಗಿ ಎದ್ದು ಕುಳಿತು, ತನ್ನ ಜ್ಯಾಮಿತಿಯ ಪೆಟ್ಟಿಗೆ ಎಲ್ಲಿದೆಯೆಂದು ಕೇಳಿದಳು.

ಅವಳಿಗೆ ಬಂದುದು ಮೊದಲನೆಯ ಬಗೆಯ ಮಧುಮೇಹ. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರಿಗೆ ಬರುವ, ಮಾತ್ರೆಯಿಂದಲೂ ಪಥ್ಯದಿಂದಲೂ ಹದ್ದಿನಲ್ಲಿಡಬಹುದಾದ ಸಕ್ಕರೆ ಕಾಯಿಲೆಯು ಬೇರೆ, ಇದು ಬೇರೆ. ಸಿಹಿ ತಿಂದುದರಿಂದ ಬಂದುದಲ್ಲ. ತೇರುಮಲ್ಲೇಶ್ವರನ ಜಾತ್ರೆಯಲ್ಲಿ ಮಿಠಾಯಿ ಕೊಡಿಸಿದುದೇ ತಪ್ಪಾಯಿತೆಂದು ಅವಳ ತಂದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತುದನ್ನು ಕಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಯಾರ ಕಣ್ಣುಬಿದ್ದುದರಿಂದಲೂ ಅಲ್ಲ.

ಚಿತ್ರದುರ್ಗದವರಿಗೆ ಇದನ್ನು ತಿಳಿಸಲು ನನಗೆ ದೊರೆತಿರುವ ಉಪಮಾನವು ನಮ್ಮ ಬೆಟ್ಟದ ಮೇಲೆಯೇ ಉಂಟು. ಏಳು ಸುತ್ತಿನ ಕೋಟೆಯ ಕಾವಲಿನವರು ಹೊರಗಿನ ಶತ್ರುವನ್ನು ಕಾಯುವುದಕ್ಕೆ ಬದಲಾಗಿ ಒಳಗೆ ತಿರುಗಿ ತಮ್ಮ ಕಣಜಗಳಿಗೇ ಬೆಂಕಿಯಿಟ್ಟರೆ ಹೇಗೋ ಹಾಗೆ. ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಸಣ್ಣ ಸಣ್ಣ ನಡುಗಡ್ಡೆಗಳಂತಹ ಜೀವಕೋಶಗಳ ಗುಂಪುಗಳಿವೆ. ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಎಂಬವನು ವಿದ್ಯಾರ್ಥಿಯಾಗಿದ್ದಾಗಲೇ 1869ರಲ್ಲಿ ಅವುಗಳನ್ನು ವರ್ಣಿಸಿದನು. ಅನ್ನದ ಸಕ್ಕರೆಯನ್ನು ರಕ್ತದಿಂದ ದೇಹದೊಳಕ್ಕೆ ಬಿಡುವ ಇನ್ಸುಲಿನ್ ಹುಟ್ಟುವುದು ಅಲ್ಲಿ. ರೋಗಗಳಿಂದ ನಮ್ಮನ್ನು ಕಾಯಬೇಕಾದ ದೇಹದ ಕಾವಲು ಪಡೆಯು ಆ ಕೋಶಗಳನ್ನು ಪರಕೀಯವೆಂದು ಬಗೆದು ಕೊಲ್ಲುತ್ತ ಬರುವುದು. ಮುಕ್ಕಾಲುಪಾಲು ನಾಶವಾಗುವವರೆಗೂ ಮಗುವು ಆಡಿಕೊಂಡಿರುವುದು. ಉಳಿದುದು ಸಾಲದಾದಾಗ ಬಾಯಾರಿಕೆ, ಬಹುಮೂತ್ರ, ಕೃಶತೆ, ಆಯಾಸಗಳು ಕಾಣುವುವು. ಅಲ್ಲಿಂದ ಮುಂದೆ ಕಾಲಾವಕಾಶವು ವಾರಗಳ ಲೆಕ್ಕದಲ್ಲಿ ಮಾತ್ರ. 1922ನೆಯ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಸಾರಿ ಇನ್ಸುಲಿನ್ ಚುಚ್ಚುವವರೆಗೆ ಈ ರೋಗ ಹಿಡಿದ ಮಕ್ಕಳಿಗೆ ಉಪವಾಸವೊಂದನ್ನುಳಿದು ಚಿಕಿತ್ಸೆಯಿರಲಿಲ್ಲ. ಬದುಕಿದವರು ಇರಲಿಲ್ಲವೆಂದೇ ಹೇಳಬೇಕು.

ದಾವಣಗೆರೆಯ ಮಕ್ಕಳ ವೈದ್ಯರು ನನ್ನನ್ನೂ ತಾಯಿಯನ್ನೂ ಕೂರಿಸಿಕೊಂಡು, “ಇದು ಮೂರು ವಾರದ ಹಿಂದೆ ಶುರುವಾದ ಕಾಯಿಲೆಯಲ್ಲಮ್ಮ, ಮೂರು ವರ್ಷದ ಹಿಂದೆಯೇ ಶುರುವಾಗಿರಬಹುದು” ಎಂದರು. ಹಾಗಾದರೆ ಮೂರು ವರ್ಷದ ಹಿಂದೆಯೇ ತಿಳಿಯಬಹುದಾಗಿತ್ತೇ ಎಂದು ತಾಯಿ ಕೇಳಿದಳು. ಅಕ್ಷರಸ್ಥಳಾದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ತಿಳಿಯಬಹುದು. ಕಾವಲು ಪಡೆಯು ಒಳಮುಖವಾಗಿ ತಿರುಗಿದಾಗ ರಕ್ತದಲ್ಲಿ ಪ್ರತಿಕಾಯಗಳೆಂಬ ಕುರುಹುಗಳು ಕಾಣಿಸಿಕೊಳ್ಳುತ್ತವೆ. ರೋಗವು ಹೊರಬೀಳುವುದಕ್ಕೆ ಎಷ್ಟೋ ತಿಂಗಳು, ಎಷ್ಟೋ ವರ್ಷ ಮುಂಚೆಯೇ ಅವುಗಳನ್ನು ಹಿಡಿಯಬಹುದು. ಇದನ್ನು ಸ್ಥಾಪಿಸಿದ ಮೊದಲ ಸಂಶೋಧಕರಲ್ಲಿ ನಮ್ಮ ಬೆಂಗಳೂರಿನ ವೈದ್ಯರೊಬ್ಬರು ಇರುವರೆಂಬುದನ್ನು ನಾನು ಆಮೇಲೆ ಓದಿ ತಿಳಿದು ಬೆರಗಾದೆನು. ಡಾಕ್ಟರ್ ಎಸ್. ಶ್ರೀಕಾಂತ ಅವರು ಅಮೆರಿಕೆಯ ಬಾಸ್ಟನ್ ನಗರದ ಜಾಸ್ಲಿನ್ ಮಧುಮೇಹ ಕೇಂದ್ರದಲ್ಲಿದ್ದಾಗ, ಜಾರ್ಜ್ ಐಸೆನ್‌ಬಾರ್ತ್ ಮೊದಲಾದವರೊಡನೆ ಕೂಡಿ, ಒಂದೇ ರೂಪದ ಅವಳಿಗಳನ್ನೂ ತ್ರಿವಳಿಗಳನ್ನೂ ಪರೀಕ್ಷಿಸಿದರು. ಒಡಹುಟ್ಟಿದವರಲ್ಲಿ ಒಬ್ಬರಿಗೆ ರೋಗವಿದ್ದು ಮತ್ತೊಬ್ಬರಿಗೆ ಇನ್ನೂ ಬಾರದೆ ಇರುವಾಗ, ಬಾರದವರ ರಕ್ತವನ್ನು ವರ್ಷವರ್ಷವೂ ನೋಡುತ್ತ ಬಂದರು. ಪ್ರತಿಕಾಯವು ಮುಂಚಿತವಾಗಿ ತೋರುವುದೂ, ಇನ್ಸುಲಿನ್ ಹುಟ್ಟುವ ಶಕ್ತಿಯು ಒಮ್ಮೆಗೇ ಅಲ್ಲದೆ ಮೆಲ್ಲಮೆಲ್ಲನೆ ಕುಂದುವುದೂ ಕಂಡುಬಂದಿತು. ಆ ಲೇಖನವು 1983ರಲ್ಲಿ ಪ್ರಕಟವಾಯಿತು. ಅವರು ಅನಂತರ ಬೆಂಗಳೂರಿಗೆ ಮರಳಿ ಮಧುಮೇಹ ಚಿಕಿತ್ಸೆಯನ್ನೇ ಕೈಕೊಂಡರು. ಸಿಡಿಲಿನಂತೆ ಎರಗುವುದೆಂದು ಜನರು ತಿಳಿದಿದ್ದ ರೋಗವು ನಿಜವಾಗಿ ಗೆದ್ದಲಿನಂತೆ ಬರುವುದೆಂದು ತಿಳಿದುಬಂದುದು ಇಂತಹ ಪರಿಶ್ರಮದಿಂದ.

ಈಗ ವೈದ್ಯರು ಇದನ್ನು ಮೂರು ಘಟ್ಟಗಳಾಗಿ ಎಣಿಸುತ್ತಾರೆ. ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳಿದ್ದು ಸಕ್ಕರೆಯು ಸರಿಯಾಗಿದ್ದರೆ ಮೊದಲನೆಯದು. ಸಕ್ಕರೆಯು ಸ್ವಲ್ಪ ಏರುಪೇರಾದರೆ ಎರಡನೆಯದು. ರೋಗವು ಪೂರ್ಣವಾಗಿ ಹೊರಬಿದ್ದರೆ ಮೂರನೆಯದು. ಒಂದೇ ಪ್ರತಿಕಾಯವಿದ್ದರೆ ಅದು ಮಾಯವಾಗುವುದೂ ಉಂಟು. ಎರಡಾದ ಮೇಲೆ ಮಾತ್ರ ಹಿಂತಿರುಗುವ ದಾರಿ ಬಹಳ ಕಿರಿದು: ಅಂತಹ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಹತ್ತು ವರ್ಷಗಳೊಳಗೆ ರೋಗವು ಹೊರಬೀಳುವುದೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಅಷ್ಟರಲ್ಲಿ ಕಿರಿಯವಳ ಮಾತು ಬಂದಿತು. ಅವಳಿಗೆ ಆಗ ಏಳು ವರ್ಷ; ಹೊಸದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಒಡಹುಟ್ಟಿದವರಿಗೆ ಈ ರೋಗ ಬರುವ ಸಂಭವವು ಇತರರಿಗಿಂತ ಹತ್ತು ಹದಿನೈದು ಪಾಲು ಹೆಚ್ಚಾದುದರಿಂದ, ಅವಳ ರಕ್ತವನ್ನು ಬೆಂಗಳೂರಿಗೆ ಕಳುಹಿಸಿ ನೋಡಬಹುದೆಂದು ವೈದ್ಯರು ಹೇಳಿದರು. ಕೂಡದೆಂದು ತಾಯಿ ಹಟ ಹಿಡಿದಳು.

ಅವಳೊಡನೆ ಮಾತನಾಡಲು ನಾನು ಹೊಳಲ್ಕೆರೆಯ ಬಳಿ ಅವಳ ತವರಿಗೆ ಹೋದೆನು. ಅಡಕೆಯ ತೋಟದ ಅಂಚಿನ ಮನೆ. ಅಜ್ಜಿಯು ಅಡಕೆ ಸುಲಿಯುತ್ತ ಕುಳಿತಿದ್ದಳು. ತಾಯಿ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಮಾತನ್ನು ಅವಳ ಬಾಯಿಂದ ಬಂದಂತೆಯೇ ಬರೆಯುತ್ತೇನೆ: “ನೀವೇ ಹೇಳ್ರಿ ಮೇಡಮ್ಮೋರೆ. ದೊಡ್ಡವಳ್ದು ಊರಿಗೆಲ್ಲ ಗೊತ್ತಾಗೈತೆ. ಇದಕ್ಕೂ ಐತೆ ಅಂತ ಕಾಗದದಾಗೆ ಬರ್ಸ್ಕಂಡು ಬಂದ್ರೆ ಇವ್ರಿಬ್ರನ್ನೂ ಯಾರು ಮಾಡ್ಕಂತಾರೆ? ಬರೋದು ಬಂದಾಗ ನೋಡಾನ.”

ನಾನು ಮದುವೆಯಾದವಳಲ್ಲ, ಈ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಕಡಿಮೆ. ಆದರೂ ಅವಳದು ಅಜ್ಞಾನವೆಂದು ನಾನು ಎಣಿಸಲಿಲ್ಲ, ಈಗಲೂ ಎಣಿಸುವುದಿಲ್ಲ. ಗುಣಪಡಿಸಲು ಆಗದುದನ್ನು ಮುಂಚಿತವಾಗಿ ತಿಳಿದು ಮಾಡುವುದೇನೆಂಬ ಪ್ರಶ್ನೆಯನ್ನು ದೊಡ್ಡ ದೊಡ್ಡ ಪಂಡಿತರೂ ಕೇಳಿರುವರು. ನನ್ನಲ್ಲಿ ಇದ್ದ ಉತ್ತರವು ಒಂದೇ. ಆ ರಾತ್ರಿಯ ದಾರಿಯನ್ನು ಇನ್ನೊಂದು ಮಗುವಿನ ಕಾಲಬಳಿ ಕುಳಿತು ಕ್ರಮಿಸುವ ಧೈರ್ಯವು ನನಗಿಲ್ಲವೆಂದು ಹೇಳಿದೆನು. ಬಹಳ ಹೊತ್ತಿನ ಮೇಲೆ ಮಾತನಾಡಿದವಳು ಅಜ್ಜಿ. “ಮಳೆ ಬರ್ತೈತೆ ಅಂತ ಗೊತ್ತಾದ್ರೆ ಕಣ ಮುಚ್ಕಂತೀವಿ. ಗೊತ್ತಾಗಿದ್ದಕ್ಕೆ ಮಳೆ ಬಂತು ಅಂತೀವಾ? ನೋಡ್ಸೇ” ಎಂದಳು.

ತಂದೆಯು ಎರಡು ಟಗರುಗಳನ್ನು ಮಾರಿದರು. 2019ರ ಫೆಬ್ರುವರಿಯಲ್ಲಿ ಪರೀಕ್ಷೆ ನಡೆಯಿತು. ಎರಡು ಬಗೆಯ ಪ್ರತಿಕಾಯಗಳು ಇದ್ದುವು; ಸಕ್ಕರೆಯು ಸರಿಯಾಗಿಯೇ ಇತ್ತು. ಮೊದಲನೆಯ ಘಟ್ಟ.

ಅಲ್ಲಿಂದ ಮುಂದಿನ ಕಾಲವು ಸುಖದ್ದಾಗಿತ್ತೆಂದು ಬರೆದರೆ ಸುಳ್ಳಾದೀತು. ಹೊಸದುರ್ಗದ ಅತ್ತೆಯು ಆ ಮಗುವು ಕುಡಿಯುವ ಪ್ರತಿಯೊಂದು ಲೋಟವನ್ನೂ ಎಣಿಸುವಳು. ಬೇಸಗೆಯಲ್ಲಿ ಆಡಿಬಂದು ಎರಡು ಲೋಟ ಕುಡಿದರೆ ಹಿರಿಯೂರಿಗೆ ಫೋನು. ಅಲ್ಲಿಂದ ನನಗೆ ಫೋನು. ತೆಂಗಿನಕಾಯಿ ವ್ಯಾಪಾರದ ಅಂಗಡಿಯ ತೂಕದ ಯಂತ್ರದ ಮೇಲೆ ವಾರಕ್ಕೊಮ್ಮೆ ಅವಳನ್ನು ನಿಲ್ಲಿಸುವರು. “ನಾನೇನು ಕೊಬ್ಬರಿ ಚೀಲಾನಾ ಅತ್ತೆ?” ಎಂದು ಅವಳು ಕೇಳಿದಳಂತೆ. ಮಗುವಿನ ಬಾಲ್ಯದ ಮೇಲೆ ನಾವು ಒಂದು ನೆರಳನ್ನು ಹಾಕಿದೆವೋ ಎಂದು ಆ ವರ್ಷಗಳಲ್ಲಿ ನಾನು ಅನೇಕ ಸಾರಿ ಚಿಂತಿಸಿದ್ದುಂಟು. ವೈದ್ಯರು ಹೇಳಿದುದು ಇಷ್ಟೆಲ್ಲ ಅಲ್ಲ: ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಜ್ವರವೋ ವಾಂತಿಯೋ ಬಂದಾಗ ಬೆರಳಿನ ಪರೀಕ್ಷೆ, ಮಿಕ್ಕಂತೆ ಎಲ್ಲ ಮಕ್ಕಳಂತೆ ಇರಲಿ. ಪ್ರೀತಿಯು ವೈದ್ಯರ ಚೀಟಿಯ ಅಳತೆಯಲ್ಲಿ ನಿಲ್ಲುವುದೇ? 2020ರಲ್ಲಿ ಲಾಕ್‌ಡೌನ್ ಬಂದು ಹೊಸದುರ್ಗದಿಂದ ದಾವಣಗೆರೆಗೆ ಹೋಗುವುದೇ ಅಸಾಧ್ಯವಾದಾಗ ಹಿರಿಯವಳ ಗ್ಲುಕೋಮೀಟರಿನಿಂದಲೇ ಇಬ್ಬರ ಪರೀಕ್ಷೆಯೂ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ವಾಣೀವಿಲಾಸ ಸಾಗರವು 89 ವರ್ಷಗಳ ಮೇಲೆ ತುಂಬಿ ಕೋಡಿ ಬಿದ್ದಾಗ, ಜಿಲ್ಲೆಯ ಜನರೆಲ್ಲ ಮಾರಿಕಣಿವೆಗೆ ಓಡಿದಂತೆ ಈ ಕುಟುಂಬವೂ ಹೋಯಿತು. ಅಕ್ಕತಂಗಿಯರು ನೀರಿಗೆ ಬೆನ್ನು ಮಾಡಿ ತೆಗೆಸಿಕೊಂಡ ಛಾಯಾಚಿತ್ರವು ನನ್ನ ಬಳಿ ಇದೆ. ಹಿರಿಯವಳ ಹೆಗಲಿನ ಚೀಲದಲ್ಲಿ ಇನ್ಸುಲಿನ್, ಮೀಟರು, ಒಂದು ಉಂಡೆ ಬೆಲ್ಲ.

ಆ ವರ್ಷವೇ ಇನ್ನೊಂದು ಸುದ್ದಿ ಬಂದಿತು. ನವೆಂಬರ್ ತಿಂಗಳಲ್ಲಿ ಅಮೆರಿಕೆಯ ಸರ್ಕಾರದ ಔಷಧಿ ಇಲಾಖೆಯು ಟೆಪ್ಲಿಜುಮಾಬ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಈ ರೋಗವು ಬರುವುದನ್ನು ಮುಂದೂಡಬಲ್ಲ ಮೊದಲ ಔಷಧವಿದು. ಎಂಟು ವರ್ಷ ತುಂಬಿದ, ಎರಡನೆಯ ಘಟ್ಟದಲ್ಲಿರುವವರಿಗೆ 14 ದಿನ ದಿನಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವರು. ದಾರಿ ತಪ್ಪಿದ ಕಾವಲುಗಾರರನ್ನು ಅದು ಸ್ವಲ್ಪ ಕಾಲ ತಣ್ಣಗಾಗಿಸುವುದು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 76 ಮಂದಿ ಇದ್ದರು, ರೋಗಿಗಳ ಬಂಧುಗಳೇ ಎಲ್ಲರೂ. ಔಷಧಿ ಪಡೆಯದವರಿಗೆ ನಡುಲೆಕ್ಕದಲ್ಲಿ 24 ತಿಂಗಳಿಗೆ ರೋಗ ಹೊರಬಿದ್ದರೆ, ಪಡೆದವರಿಗೆ 48 ತಿಂಗಳಿಗೆ. ವಾಸಿಯಾಗುವುದಲ್ಲ, ಎರಡು ವರ್ಷದ ವಾಯಿದೆ.

ಎರಡು ವರ್ಷಕ್ಕೆ ಇಷ್ಟು ದೊಡ್ಡ ಮಾತೇ ಎಂದು ಪೋಷಕರ ಸಭೆಯಲ್ಲಿ ಒಬ್ಬ ಮಹನೀಯರು ನಕ್ಕರು. ಹೈಸ್ಕೂಲು ಎಂದರೆ ಮೂರೇ ವರ್ಷವೆಂಬುದನ್ನು ಅವರು ಮರೆತಿದ್ದರು. ದಿನಕ್ಕೆ ನಾಲ್ಕು ಸೂಜಿ, ನಾಲ್ಕು ಬಾರಿ ಬೆರಳು ಚುಚ್ಚುವುದು, ಸಕ್ಕರೆ ಇಳಿದು ಬೆವರುವ ಮಧ್ಯರಾತ್ರಿಗಳು. ಇವು ಹತ್ತನೆಯ ವಯಸ್ಸಿಗೆ ಬರುವುದಕ್ಕೂ, ತನ್ನ ಮೈಯನ್ನು ತಾನೇ ನೋಡಿಕೊಳ್ಳಬಲ್ಲ ಹನ್ನೆರಡನೆಯ ವಯಸ್ಸಿಗೆ ಬರುವುದಕ್ಕೂ ಇರುವ ವ್ಯತ್ಯಾಸವನ್ನು ತಾಯಂದಿರು ಬಲ್ಲರು.

2023ರ ಮಾರ್ಚಿಯಲ್ಲಿ ಕಿರಿಯವಳ ಸಕ್ಕರೆಯು ಮೆಲ್ಲಗೆ ಏರತೊಡಗಿತು. ಎರಡನೆಯ ಘಟ್ಟ. ತಕ್ಕ ವಯಸ್ಸು, ತಕ್ಕ ಘಟ್ಟ, ತಕ್ಕ ಔಷಧಿಯೂ ಭೂಮಿಯ ಮೇಲೆ ಇತ್ತು. ಅದರ ಬೆಲೆಯು ಅಮೆರಿಕೆಯಲ್ಲಿ ಒಂದು ಸೀಸೆಗೆ 13,850 ಡಾಲರ್. 14 ದಿನಕ್ಕೆ 1,93,900 ಡಾಲರ್. ಆಗಿನ ರೂಪಾಯಿಯಲ್ಲಿ ಒಂದೂವರೆ ಕೋಟಿಗೂ ಮೇಲೆ. ಎಷ್ಟು ಟಗರು ಮೇಡಮ್ಮ ಎಂದು ಅವಳ ತಂದೆ ಕೇಳಿದರು, ತಮಾಷೆಗೆಂದೇ ಕೇಳಿದರು. ನಾನು ಲೆಕ್ಕ ಹಾಕಲಿಲ್ಲ. ಅವಳಿಗೆ ಆ ಔಷಧಿ ದೊರೆಯಲಿಲ್ಲ.

ದೊರೆತುದು ಬೇರೊಂದು. ನವೆಂಬರ್ ತಿಂಗಳಿನ ನಿಯಮಿತ ಪರೀಕ್ಷೆಯಲ್ಲಿ ಸಕ್ಕರೆಯು 200ನ್ನು ದಾಟಿತು. ಮಗುವು ಬಾಯಾರಿರಲಿಲ್ಲ, ಇಳಿದುಹೋಗಿರಲಿಲ್ಲ. ಹಿಂದಿನ ಸಂಜೆ ಕಬಡ್ಡಿ ಆಡಿದ್ದಳು. ಬಸ್ಸಿನಲ್ಲಿ ಹೋಗಿ, ಹೊರರೋಗಿಗಳ ಬೆಂಚಿನ ಮೇಲೆ ಕುಳಿತು ಮೊದಲ ಇನ್ಸುಲಿನ್ ಚುಚ್ಚಿಸಿಕೊಂಡು, ಅಲ್ಪ ಪ್ರಮಾಣದಲ್ಲಿಯೇ ಸಾಕೆಂದು ಹೇಳಿಸಿಕೊಂಡು, ಬಸ್ಸಿನಲ್ಲಿಯೇ ಹಿಂತಿರುಗಿದಳು. ಚುಚ್ಚುವುದನ್ನು ಕಲಿಸಿದವಳು ಅಕ್ಕ. ಕರೆಂಟು ಹೋದಾಗ ಇನ್ಸುಲಿನ್ನನ್ನು ಒದ್ದೆ ಮರಳಿನ ಮಡಕೆಯಲ್ಲಿ ತಂಪಾಗಿಡುವುದನ್ನೂ ಅಕ್ಕನೇ ಕಲಿಸಿದಳು. ಒಂದೇ ತಾಯಿಯ ಮಕ್ಕಳು, ಒಂದೇ ರೋಗ. ಒಬ್ಬಳು ಏದುಸಿರಿನಿಂದ ಆಂಬುಲೆನ್ಸಿನಲ್ಲಿ ಹೋದಳು, ಇನ್ನೊಬ್ಬಳು ಕಡಲೆಕಾಯಿ ತಿನ್ನುತ್ತ ಬಸ್ಸಿನಲ್ಲಿ ಹೋದಳು. ಆ ದಿನ ಸಂಜೆ ತಾಯಿಯು ನನಗೆ ಫೋನು ಮಾಡಿ ಏನೂ ಹೇಳದೆ ಸ್ವಲ್ಪ ಹೊತ್ತು ಅತ್ತು ಇಟ್ಟುಬಿಟ್ಟಳು.

ಹೊರದೇಶಗಳಲ್ಲಿ ಈಗ ಒಡಹುಟ್ಟಿದವರನ್ನು ಮಾತ್ರವಲ್ಲದೆ ಎಲ್ಲ ಮಕ್ಕಳನ್ನೂ ಪರೀಕ್ಷಿಸುವ ಪ್ರಯತ್ನ ನಡೆದಿದೆ. ಏತಕ್ಕೆಂದರೆ ಈ ರೋಗ ಬರುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳ ಮನೆಯಲ್ಲಿ ಹಿಂದೆ ಯಾರಿಗೂ ಅದು ಬಂದಿರುವುದಿಲ್ಲ. ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ 2015ರಿಂದ 2019ರವರೆಗೆ 90,632 ಎಳೆಯ ಮಕ್ಕಳ ರಕ್ತವನ್ನು ನೋಡಿ 280 ಮಂದಿಯಲ್ಲಿ ರೋಗದ ಮುಂಗುರುತನ್ನು ಕಂಡರು. ಇಟಲಿ ದೇಶವು 2023ರಲ್ಲಿ ಇದಕ್ಕಾಗಿ ಒಂದು ಕಾನೂನನ್ನೇ ಮಾಡಿತು. ನಮ್ಮಲ್ಲಿ ಈ ರೋಗವು ಅಲ್ಲಿಗಿಂತ ವಿರಳ. 1995ರಿಂದ 2008ರವರೆಗಿನ ಕರ್ನಾಟಕದ ಮಧುಮೇಹ ದಾಖಲೆಯ ಪ್ರಕಾರ ಲಕ್ಷ ಮಕ್ಕಳಿಗೆ ವರ್ಷಕ್ಕೆ ಸುಮಾರು ನಾಲ್ಕು. ನಮ್ಮ ಜಿಲ್ಲೆಯ ಮಕ್ಕಳು ನಾಲ್ಕು ಲಕ್ಷವೆಂದು ಒರಟಾಗಿ ಹಿಡಿದರೆ ವರ್ಷಕ್ಕೆ ಹದಿನಾರು. ಎಲ್ಲ ಮಕ್ಕಳ ರಕ್ತವನ್ನೂ ಬೆಂಗಳೂರಿಗೆ ಕಳುಹಿಸಬೇಕೆಂದು ನಾನು ಹೇಳುವವಳಲ್ಲ. ಶಾಲೆಗಳಲ್ಲಿ ಕುಡಿಯುವ ನೀರಿನ ನಲ್ಲಿಗಳೇ ಸಾಲದಾಗಿರುವಾಗ ಹಾಗೆ ಹೇಳಲು ನನಗೆ ನಾಚಿಕೆ. ರೋಗವಿರುವ ಮಗುವಿನ ತಮ್ಮ ತಂಗಿಯರನ್ನು ನೋಡಿಸಿರಿ ಎಂದು ಮಾತ್ರ ಹೇಳುವೆನು.

ಆ ಹದಿನಾರರಲ್ಲಿ ಉಳಿದವರಿಗಾಗಿ ಶಾಲೆಯು ಮಾಡಬಹುದಾದುದು ಒಂದಿದೆ, ಅದಕ್ಕೆ ಖರ್ಚಿಲ್ಲ. ಇಟಲಿಯ ಪಾರ್ಮಾ ಎಂಬ ಪ್ರಾಂತದಲ್ಲಿ 1991ರ ಸುಮಾರಿಗೆ ವೈದ್ಯರು ಶಾಲೆಗಳಲ್ಲಿ ಒಂದು ಭಿತ್ತಿಪತ್ರವನ್ನು ಅಂಟಿಸಿದರು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗುವು ಮತ್ತೆ ಒದ್ದೆಮಾಡಿದರೆ, ಹೆಚ್ಚಾಗಿ ನೀರು ಕುಡಿದರೆ, ಸಕ್ಕರೆ ನೋಡಿಸಿರೆಂಬುದೇ ಅದರ ಒಕ್ಕಣೆ. ಮಕ್ಕಳ ವೈದ್ಯರಿಗೆ ಪರೀಕ್ಷೆಯ ಸಲಕರಣೆಗಳನ್ನು ಕೊಟ್ಟರು. ಅದಕ್ಕೆ ಮೊದಲು ಹೊಸದಾಗಿ ರೋಗ ಕಂಡ ಮಕ್ಕಳಲ್ಲಿ ನೂರಕ್ಕೆ 78 ಮಂದಿ ನಮ್ಮ ಹಿರಿಯವಳ ಸ್ಥಿತಿಗೆ ಬಂದು ಆಸ್ಪತ್ರೆ ಸೇರುತ್ತಿದ್ದರು. ಮುಂದಿನ ವರ್ಷಗಳಲ್ಲಿ ಅದು ಹನ್ನೆರಡೂವರೆಗೆ ಇಳಿಯಿತು. ಕಾಗದದ ಒಂದು ಹಾಳೆಯಿಂದ!

ನಮ್ಮ ಚಿತ್ರಕಲೆಯ ಉಪಾಧ್ಯಾಯಿನಿಯು ಅಂತಹ ಹಾಳೆಯೊಂದನ್ನು ಕನ್ನಡದಲ್ಲಿ ಬರೆದಿರುವರು: ನೀರಿನ ತಂಬಿಗೆ, ಬಚ್ಚಲಿನ ಬಾಗಿಲು, ಸಡಿಲವಾದ ಲಂಗ, ಮೇಜಿನ ಮೇಲೆ ತಲೆಯಿಟ್ಟು ಮಲಗಿದ ಹುಡುಗಿ, ಕೆಳಗೆ ಒಂದು ಸಾಲು ಇರುವೆ. ಇರುವೆಯು ನಮ್ಮ ಆಯಾಳ ಗೌರವಾರ್ಥವಾಗಿ ಸೇರಿದುದು. ಅದನ್ನು ನಲ್ಲಿಯ ಮೇಲೆಯೂ ಬಚ್ಚಲುಗಳ ಬಾಗಿಲುಗಳಿಗೂ ಅಂಟಿಸಿದ್ದೇವೆ. ಚೀಟಿಯ ನಿಯಮವು 2018ರಲ್ಲಿಯೇ ಹೋಯಿತು. ವರಾಂಡದಲ್ಲಿ ಈಗ ಮತ್ತೆ ಗದ್ದಲ. ಕಚೇರಿಯಲ್ಲಿ ಒಂದು ಗ್ಲುಕೋಮೀಟರ್ ಇದೆ, ನನ್ನ ಮೇಜಿನ ಸೆಳೆಖಾನೆಯಲ್ಲಿ ಬೆಲ್ಲವಿದೆ. ಪರೀಕ್ಷೆಯ ಕೊಠಡಿಗೆ ಇಂತಹ ಮಕ್ಕಳು ತಿಂಡಿಯನ್ನೂ ಮಾತ್ರೆಯನ್ನೂ ತರಬಹುದೆಂದು ಕೇಂದ್ರೀಯ ಮಂಡಳಿಯು 2017ರಲ್ಲಿಯೇ ಅಪ್ಪಣೆ ಮಾಡಿತ್ತು. ನಮ್ಮ ಶಾಲೆಯ ಪರೀಕ್ಷೆಗಳಲ್ಲಿ ನಾವೂ ಹಾಗೆಯೇ ನಡೆಯುತ್ತೇವೆ. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಗಳಲ್ಲಿ ಉಪಾಧ್ಯಾಯಿನಿಯರೂ, ಅಂಗನವಾಡಿ ಕಾರ್ಯಕರ್ತೆಯರೂ, ದಾದಿಯರೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಬಹುಮಂದಿ ಇದ್ದೀರಿ. ಆ ಹಾಳೆಯು ಬೇಕೆಂದು ಒಂದು ಸಾಲು ಬರೆದರೆ ಎಷ್ಟು ಬೇಕೋ ಅಷ್ಟು ಕಳುಹಿಸಿಕೊಡುವೆನು.

ಹಿರಿಯವಳು ಈಗ ವಾಣಿಜ್ಯದ ಪದವಿಗೆ ಓದುತ್ತಿರುವಳು. ಕಿರಿಯವಳು 2024ರ ಜೂನ್ ತಿಂಗಳಲ್ಲಿ ನಮ್ಮ ಶಾಲೆಗೆ ಸೇರಿದಳು. ಅಕ್ಕನಷ್ಟು ಲೆಕ್ಕ ಬಾರದು, ಬಾಯಿ ಜೋರು. ಕೆಲವು ದಿನಗಳ ಹಿಂದೆ ಅವಳು ಹೊಳಲ್ಕೆರೆಯ ಕಡೆಯಿಂದ ಬಂದ ಹೊಸ ಹುಡುಗಿಯೊಬ್ಬಳ ಕೈಯನ್ನು ಹಿಡಿದು ದರದರನೆ ನನ್ನ ಕೊಠಡಿಗೆ ಎಳೆತಂದಳು. “ಮಿಸ್, ಇವಳು ಬೆಳಗ್ಗೆಯಿಂದ ಐದು ಸಲ ನೀರು ಕುಡಿದಳು, ನಾನು ಎಣಿಸಿದೀನಿ” ಎಂದಳು. ಆ ಮಗುವು ಹೆದರಿ ಬೆವೆತು ನಿಂತಿತ್ತು. ಬೆರಳು ಚುಚ್ಚಿ ನೋಡಿದೆವು: 96. ವಿಚಾರಿಸಿದಾಗ, ಊರಿಂದ ತಂದ ಮಾವಿನಮಿಡಿ ಉಪ್ಪಿನಕಾಯಿಯ ಭರಣಿಯನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟುಕೊಂಡು, ಅರ್ಧವನ್ನು ಒಂದೇ ರಾತ್ರಿಯಲ್ಲಿ ತಿಂದಿದ್ದಳೆಂಬುದು ತಿಳಿದುಬಂದಿತು.